ಅಪ್ಪನನ್ನು ಕೇಳಬೇಕು

ಸುದ್ದಿ ಬಂದದ್ದು ಕಾರ್ತಿಕದ ಕಡೆಯ ಸೋಮವಾರ, ಬೆಳಗಿನ ಒಂಬತ್ತೂವರೆಯ ಹೊತ್ತಿಗೆ. ಶಿರಹಟ್ಟಿಯ ಪೇಟೆಯಲ್ಲಿ ಚನ್ನಬಸವಣ್ಣನ ಅಂಗಡಿಗೆ ಆ ದಿನ ಗಿರಾಕಿಗಳು ಹೆಚ್ಚು. ಮೂರು ತಲೆಮಾರಿನ ಅಂಗಡಿ ಅದು. ವಿಭೂತಿ ಗಟ್ಟಿ, ಊದಿನಕಡ್ಡಿ, ಕರ್ಪೂರ ಒಂದು ಪಕ್ಕ. ಅಳಲೆಕಾಯಿ, ಜ್ಯೇಷ್ಠಮಧು, ಒಣಗಿದ ನೆಲಬೇವು, ಹೆಸರು ಹೇಳಿದರೆ ಈಗಿನವರಿಗೆ ತಿಳಿಯದ ಬೇರು ತೊಗಟೆಗಳು ಇನ್ನೊಂದು ಪಕ್ಕ. ಪಕ್ಕದ ಹೊಲಿಗೆ ಅಂಗಡಿಯ ನಬಿಸಾಬ ಎಂದಿನಂತೆ ಮೆಟ್ಟಿಲ ಮೇಲೆ ಕೂತು ಜ್ಯೇಷ್ಠಮಧುವಿನ ತುಂಡು ಜಗಿಯುತ್ತಿದ್ದ.

“ಚನ್ನಬಸಣ್ಣ, ನಿನ್ನ ಬೇರ ತಿಂದ ತಿಂದ ಕೆಮ್ಮ ಹೋಗಲಿಲ್ಲ ನೋಡು, ಹಲ್ಲ ಹೋದುವು.”

“ಎಪ್ಪತ್ತಕ್ಕ ಹಲ್ಲ ಹೋಗೂದು ನನ್ನ ಬೇರಿನ ತಪ್ಪೇನಲೇ? ಕೊಟ್ಟಾವನ್ನ ಕೇಳು.”

“ಕೊಟ್ಟಾವ ಉದ್ರಿ ಕೊಡಾಂಗಿಲ್ಲ, ನೀ ಕೊಡ್ತಿ. ಅದಕ್ಕ ನಿನ್ನ ಕೇಳತೇನಿ.”

ಚನ್ನಬಸವಣ್ಣ ನಗುತ್ತಲೇ ಫೋನು ಎತ್ತಿಕೊಂಡ. ಆ ಕಡೆ ಇದ್ದವರು ಮಗಳು ಕೆಲಸ ಮಾಡುವ ಹೈಸ್ಕೂಲಿನ ಹೆಡ್‌ಮಾಸ್ತರರು, ಮುದಕಪ್ಪ. ಅವರು ಹೆಸರು ಹೇಳಿದವರೇ, “ಅಪ್ಪಾರ, ನಿಮ್ಮ ಬಾಜೂಕ ಯಾರರ ಅದಾರೇನ್ರಿ?” ಎಂದು ಕೇಳಿದರು. ಅಷ್ಟು ಸಾಕಾಯಿತು. ಒಳ್ಳೆಯ ಸುದ್ದಿಗೆ ಯಾರೂ ಪಕ್ಕದವರನ್ನು ಕೇಳುವುದಿಲ್ಲ. ಅವನು ಫೋನನ್ನು ನಬಿಸಾಬನ ಕೈಗೆ ಕೊಟ್ಟು, ಅವನ ಮುಖವನ್ನೇ ನೋಡುತ್ತ ಕೂತ. ನಬಿಸಾಬ ಬಾಯಲ್ಲಿದ್ದ ಬೇರನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡ. ಅದನ್ನು ಎಲ್ಲಿ ಒಗೆಯಬೇಕೆಂದು ಅವನಿಗೆ ತಿಳಿಯಲಿಲ್ಲ.

ಮುಂಡರಗಿಯ ರಸ್ತೆಯಲ್ಲಿ ಗೋವಿನಜೋಳ ತುಂಬಿದ ಟ್ರ್ಯಾಕ್ಟರೊಂದು ಗಾಲಿ ಒಡೆದು ನಿಂತಿತ್ತಂತೆ. ಮಂಜು ದಟ್ಟವಾಗಿತ್ತಂತೆ. ಹಿಂದೆ ಒಂದು ಕೆಂಪು ಅರಿವೆಯನ್ನೂ ಕಟ್ಟಿರಲಿಲ್ಲವಂತೆ. ಸ್ನೇಹಾಳ ಸ್ಕೂಟರು ನೇರವಾಗಿ ಹೋಗಿ ಅದಕ್ಕೆ ಬಡಿದಿತ್ತು.

ಸ್ನೇಹಾ ಅವನ ಒಬ್ಬಳೇ ಮಗಳು. ವಯಸ್ಸು ಇಪ್ಪತ್ತೊಂಬತ್ತು. ಶನಿವಾರ ಬಂದು ಸೋಮವಾರ ನಸುಕಿನಲ್ಲಿ ಹೊರಡುವುದು ಅವಳ ವಾಡಿಕೆ. ಆ ದಿನವೂ ಆರೂವರೆಗೆ ಹೊರಟಿದ್ದಳು. ಹೊರಡುವ ಮುಂಚೆ ದೇವರ ಕೋಣೆಯ ಹೊಸ್ತಿಲ ಬಳಿ ಬಂದು ನಿಂತಿದ್ದಳು. ಚನ್ನಬಸವಣ್ಣ ಲಿಂಗಪೂಜೆಗೆ ಕೂತಿದ್ದ. ದೀಪದ ಬೆಳಕಿಗೆ ನೆರಳು ಅಡ್ಡ ಬಂದದ್ದು ಮುಚ್ಚಿದ ರೆಪ್ಪೆಯೊಳಗೂ ತಿಳಿಯಿತು. ಅವನು ಕಣ್ಣು ತೆರೆಯಲಿಲ್ಲ. ಪೂಜೆಯ ನಡುವೆ ಕಣ್ಣು ತೆರೆಯಬಾರದೆಂಬ ನಿಯಮ ಇತ್ತು, ನಿಜ. ಆದರೆ ನಿಯಮಕ್ಕಿಂತ ಹೆಚ್ಚಾಗಿ ಹಟ ಇತ್ತು. ನೆರಳು ಸ್ವಲ್ಪ ಹೊತ್ತು ನಿಂತು ಸರಿದುಹೋಯಿತು.

ಆ ಹಟಕ್ಕೆ ಐದು ವರ್ಷ ವಯಸ್ಸು.

ಹುಡುಗಿ ಮೊದಲಿನಿಂದ ಗಿಡದ ಹುಚ್ಚಿನವಳು. ಅಂಗಡಿಯ ಡಬ್ಬಿಗಳ ಹೆಸರನ್ನು ಅಕ್ಷರ ಕಲಿಯುವ ಮುಂಚೆ ವಾಸನೆಯಿಂದ ಕಲಿತವಳು. ಚನ್ನಬಸವಣ್ಣನ ತಾಯಿ ಕಪ್ಪತಗುಡ್ಡ ಹತ್ತಿ ಬೇರು ಅಗೆದು ತರುತ್ತಿದ್ದಳು. ಅವನೂ ಎಳವೆಯಲ್ಲಿ ಅವಳ ಸೆರಗು ಹಿಡಿದು ಅಲೆದವನು. ಓದಿದ್ದು ಏಳನೆಯ ಇಯತ್ತೆ, ಆದರೆ ಗುಡ್ಡದ ಗಿಡ ಯಾವುದು ಕಂಡರೂ ಅದರ ಹೆಸರು, ಗುಣ ಹೇಳುತ್ತಿದ್ದ. ಮಗಳು ಲಕ್ಷ್ಮೇಶ್ವರದಲ್ಲಿ ಪಿಯುಸಿ, ಗದಗಿನಲ್ಲಿ ಬಿಎಸ್ಸಿ ಮುಗಿಸಿ, ಧಾರವಾಡದ ಯೂನಿವರ್ಸಿಟಿಗೆ ಸಸ್ಯಶಾಸ್ತ್ರ ಓದಲು ಹೋದಾಗ, “ನಮ್ಮವ್ವನ ವಿದ್ಯೆ ದೊಡ್ಡ ಸಾಲಿಗೆ ಹೊಂಟತಿ” ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಎರಡನೆಯ ವರ್ಷದ ಸೂಟಿಯಲ್ಲಿ ಅವಳು ಒಂದು ಸಣ್ಣ ಸೂಕ್ಷ್ಮದರ್ಶಕ ತಂದಳು. ಒಂದು ಬೆಳಿಗ್ಗೆ ಅವನು ಪೂಜೆಗೆ ಬಂದಾಗ, ತೊಳೆದಿಟ್ಟ ಪತ್ರಿಯ ತಾಟಿನ ಮುಂದೆ ಅವಳು ಕೂತಿದ್ದಳು. ಹಿಡಿತಕ್ಕೆಂದು ಗಜ್ಜರಿಯ ಸೀಳಿನೊಳಗೆ ಬಿಲ್ವದ ಎಲೆ ಸಿಕ್ಕಿಸಿ, ಬ್ಲೇಡಿನಿಂದ ಕೂದಲಿನಷ್ಟು ತೆಳ್ಳಗೆ ಸೀಳುತ್ತಿದ್ದಳು.

“ಅಪ್ಪಾ, ಇಲ್ಲಿ ಬಾ, ಒಂದ ಸಲ ಕಣ್ಣಿಟ್ಟ ನೋಡು. ಒಳಗ ಎಷ್ಟ ಚಂದ ಐತಿ!”

ಅವನು ನೋಡಿದ್ದು ಬ್ಲೇಡನ್ನು ಮಾತ್ರ. “ಶಿವನ ಪತ್ರಿಗೆ ಬ್ಲೇಡ್ ಹಾಕ್ತೀಯೇನ? ಇದನ್ನ ಕಲಸ್ತಾರೇನ ಅಲ್ಲಿ?” ಎಂದು ಕೂಗಾಡಿದ. ಅವಳು ಮೆಲ್ಲಗೆ, “ಅದೂ ಒಂದು ನೋಡೂ ರೀತಿ ಅಪ್ಪಾ” ಎಂದಳು. ಆ ಮೆಲುದನಿಯೇ ಅವನನ್ನು ಇನ್ನಷ್ಟು ಕೆರಳಿಸಿತು. “ಇವತ್ತಿನಿಂದ ಗಿಡಾ ಎಲಿ ಅಂತ ನನ್ನ ಏನೂ ಕೇಳಬ್ಯಾಡ. ನಿಮ್ಮ ಪ್ರೊಫೆಸರನ್ನ ಕೇಳು” ಎಂದುಬಿಟ್ಟ.

ಅವಳು ಮತ್ತೆ ಕೇಳಲಿಲ್ಲ. ಉಳಿದ ಮಾತುಗಳು ಇದ್ದವು: ಊಟ ಆಯಿತೇ, ಬಸ್ಸು ಸಿಕ್ಕಿತೇ, ಅವ್ವನ ಮೊಣಕಾಲು ಹೇಗಿದೆ. ಗಿಡದ ಮಾತು ಮನೆಯಿಂದ ಹೋಯಿತು. ಎಂಎಸ್ಸಿ ಮುಗಿದ ಮೇಲೆ ಪಿಎಚ್‌ಡಿಗೆ ಗೈಡ್ ಒಪ್ಪಿದ್ದರೂ ಅವಳು ಬಿಎಡ್ ಸೇರಿದಳು. ಕಾರಣವನ್ನು ತಾಯಿ ಗದಿಗೆವ್ವನಿಗೆ ಮಾತ್ರ ಹೇಳಿದ್ದಳು. ಯೂನಿವರ್ಸಿಟಿಯವರು ಗುಡ್ಡಕ್ಕೆ ಹೋದಾಗ ಆಡು ಕಾಯುವ ಹುಡುಗಿಯೊಬ್ಬಳು ಮೂವತ್ತು ಗಿಡದ ಹೆಸರು ಹೇಳಿದಳಂತೆ. ಪ್ರೊಫೆಸರರು ಎಲ್ಲವನ್ನೂ ಬರೆದುಕೊಂಡರಂತೆ. ಆದರೆ ಆ ಹುಡುಗಿಯ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲವಂತೆ. “ನಾ ಅಂಥಾ ಹುಡುಗೂರಿಗೆ ಕಲಸ್ತೇನಿ ಯವ್ವಾ” ಎಂದಿದ್ದಳು. ಮುಂಡರಗಿ ತಾಲೂಕಿನಲ್ಲಿ, ಗುಡ್ಡದ ಅಂಚಿನ ಒಂದು ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿಯಾಗಿ ವಿಜ್ಞಾನ ಕಲಿಸತೊಡಗಿ ಮೂರು ವರ್ಷವಾಗಿತ್ತು.

ಆ ಸಂಜೆ ಗದಗಿನ ಆಸ್ಪತ್ರೆಯಿಂದ ದೇಹ ಬಂತು. ಕಾನೂನಿನಂತೆ ಕೊಯ್ದು ನೋಡಿ, ಹೊಲಿದು, ಬಿಳಿ ಅರಿವೆಯಲ್ಲಿ ಸುತ್ತಿ ಕೊಟ್ಟಿದ್ದರು. ಒಂದು ಎಲೆಗೆ ಬ್ಲೇಡು ತಾಗಿಸಿದ್ದಕ್ಕೆ ಕೂಗಾಡಿದ ಬಾಯಿಂದ ಆಗ ಒಂದು ಶಬ್ದವೂ ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಮಣ್ಣು ಮಾಡುವುದೆಂದಾಯಿತು. ಕುಣಿ ತೋಡಲು ಆಳು ಹೋದರು. ವಿಭೂತಿ ಗಟ್ಟಿಗಳನ್ನು ನಬಿಸಾಬನೇ ಅಂಗಡಿ ತೆರೆದು ತಂದ. ಮಗಳಿಗೆ ಉಡಿಸಲು ಸೀರೆ ತರುವೆನೆಂದು ಚನ್ನಬಸವಣ್ಣ ಅವಳ ಕೋಣೆಗೆ ಹೋದ. ಮಂಚದ ಕೆಳಗೆ ಎರಡು ಹಲಗೆಗಳ ನಡುವೆ, ಮೇಲೊಂದು ಒಳಕಲ್ಲಿನ ಗುಂಡು ಹೇರಿ, ಹಳೆಯ ಪತ್ರಿಕೆಗಳ ದೊಡ್ಡ ಕಟ್ಟೊಂದನ್ನು ಇಟ್ಟಿದ್ದಳು. ಮೇಲಿನ ಮಡಿಕೆ ಬಿಚ್ಚಿದ. ಒಳಗೆ ಬಿಲ್ವದ ಕುಡಿ, ಮೂರು ಎಲೆಯೂ ಮುಕ್ಕಾಗದೆ, ಮಲಗಿದಂತೆ ಒಣಗಿತ್ತು. ಎರಡನೆಯದರಲ್ಲಿ ಬನ್ನಿ. ಮೂರನೆಯದರಲ್ಲಿ ತುಂಬೆ, ಹೂವಿನ ಸಮೇತ. ನಾಲ್ಕನೆಯದರಲ್ಲಿ ಎಕ್ಕೆ.

ಅವನು ಅಲ್ಲೇ ಕುಸಿದು ಕೂತ. ನಾಲ್ಕೂ ಶಿವನಿಗೆ ಏರುವ ಪತ್ರಿ. ಅಪ್ಪನ ಮುಂದೆ ಬಾಯಿ ಬಿಡದೆ, ಮಗಳು ಪತ್ರಿ ಆರಿಸಿ, ಒಂದು ಎಲೆಯೂ ಮುದುಡದಂತೆ ಕಾಪಿಟ್ಟಿದ್ದಾಳೆ! ಪ್ರತಿ ಮಡಿಕೆಯಲ್ಲೂ ಒಂದು ಚೀಟಿ ಇತ್ತು, ಇಂಗ್ಲಿಷಿನಲ್ಲಿ. ಅವನಿಗೆ ಓದಲು ಬಾರದು. ಐದನೆಯ ಮಡಿಕೆಯನ್ನು ಅವನು ನೋಡಲಿಲ್ಲ. ನೋಡುವ ಅಗತ್ಯ ಕಾಣಲಿಲ್ಲ.

“ಗದಿಗೆವ್ವಾ, ನಿನ್ನ ಮಗಳು ಶರಣಿ ಇದ್ದಳು. ನಾ ಕುರುಡ ಇದ್ದೆ” ಎಂದು ಅಳುತ್ತ ಕಟ್ಟನ್ನು ಹೊರಗೆ ತಂದ.

ಗದಿಗೆವ್ವ ಅಳು ನಿಲ್ಲಿಸಿ ನೋಡಿದಳು. “ಅದು ಆಕೀ ಸಾಲೀದು ಅನಸ್ತೈತ್ರಿ. ಶನಿವಾರ ತಂದಾಳ. ಒಂದೀಟ ಕೇಳಿ…”

“ಯಾರನ್ನ ಕೇಳಲಿ ಇನ್ನ?” ಎಂದು ಅವನು ಗದರಿದ. ಹೆಣದ ಮುಂದೆ ವಾದ ಮಾಡುವ ಹೆಂಗಸಲ್ಲ ಅವಳು.

ಉಳಿದ ಮಡಿಕೆಗಳನ್ನು ನೋಡದೆಯೇ ಕೊಡವಿ, ಎಲೆಗಳನ್ನೆಲ್ಲ ಹೊಸ ಧೋತರದಲ್ಲಿ ಉದುರಿಸಿಕೊಂಡ. ಉಳಿದ ಪತ್ರಿಕೆ, ಚೀಟಿಗಳನ್ನು ಯಾರೋ ಹಂಡೆಯ ಒಲೆಗೆ ತುರುಕಿದರು. ಆ ಬೆಂಕಿಯಲ್ಲಿ ಕಾದ ನೀರಿನಿಂದಲೇ ಸ್ನೇಹಾಳ ಕಡೆಯ ಸ್ನಾನವಾಯಿತು.

ಕುಣಿಯ ಗೂಡಿನಲ್ಲಿ ಅವಳನ್ನು ಕುಳ್ಳಿರಿಸಿ, ಅಯ್ಯನವರು ವಿಧಿ ಮುಗಿಸಿ, ಅಂಗೈಯಲ್ಲಿ ಲಿಂಗವಿಟ್ಟು, ವಿಭೂತಿ ಗಟ್ಟಿ ಒಟ್ಟಿದ ಮೇಲೆ ಚನ್ನಬಸವಣ್ಣ ಧೋತರದ ಗಂಟು ಬಿಚ್ಚಿದ. “ಇದು ಆಕಿ ತನ್ನ ಕೈಯಾರೆ ಕೂಡಿಟ್ಟ ಪತ್ರಿ” ಎಂದು ನೆರೆದವರಿಗೆ ಹೇಳಿದ. ಕೇಳಿದವರೆಲ್ಲ ಕಣ್ಣೊರೆಸಿಕೊಂಡರು. ಎಲೆಗಳು ಅವಳ ಮಡಿಲ ಮೇಲೆ, ಹೆಗಲ ಮೇಲೆ ಸದ್ದಿಲ್ಲದೆ ಬಿದ್ದವು. ನಡುವೆ ಗಂಟುಗಂಟಾದ ಬೇರೂ, ಮುಳ್ಳಿನ ಕಡ್ಡಿಯೂ ಬಿದ್ದದ್ದನ್ನು ಅವನು ಕಂಡ. ಕಂಡು ಒಂದು ಕ್ಷಣ ಕೈ ತಡೆಯಿತು. ಮುಳ್ಳನ್ನು ಯಾರು ಪತ್ರಿಯೆಂದು ಇಡುತ್ತಾರೆ? ಆದರೆ ಅಷ್ಟರಲ್ಲಿ ಮಣ್ಣು ಎಳೆಯತೊಡಗಿದ್ದರು.

ಹನ್ನೊಂದನೆಯ ದಿನ ಶಿವಗಣಾರಾಧನೆ ಮುಗಿಯಿತು. ಮರುದಿನ ಮುದಕಪ್ಪ ಮಾಸ್ತರರು ಬಂದರು. ಜೊತೆಗೆ ಒಂಬತ್ತನೆಯ ತರಗತಿಯ ಹುಡುಗಿ, ಎರಡು ಜಡೆ, ಶಾಲೆಯ ಸಮವಸ್ತ್ರ. ಹೆಸರು ಮಹೆಕ. ಗುಡ್ಡದ ಕೆಳಗಿನ ಊರಲ್ಲಿ ಆಡು ಸಾಕುವವರ ಮಗಳು. ಮಾಸ್ತರರು ಚೀಲದಿಂದ ಉದ್ದನೆಯ ವಹಿಯೊಂದನ್ನು ತೆಗೆದರು. ರಟ್ಟಿನ ಒಂದು ಮೂಲೆ ಮುರಿದಿತ್ತು.

“ಸ್ಕೂಟರಿನ್ಯಾಗ ಇದ್ದ ವಹಿರಿ. ಪೊಲೀಸರು ನಮ್ಮ ಕಡೆ ಕೊಟ್ರು. ಮೇಡಂ ಅವರ ಅಕ್ಷರ ಐತಿ, ನಿಮ್ಮ ಮನ್ಯಾಗ ಇರಲಿ. ಆದರ ಹಾಳಿ ಅಷ್ಟ ನಮಗ ಬೇಕಾಗ್ಯಾವ.”

“ಯಾವ ಹಾಳಿ?”

ಹುಡುಗಿ ಬಾಯಿ ಹಾಕಿದಳು. “ಪೇಪರಿನ್ಯಾಗ ಒಣಗಿಸಿದ ಗಿಡದ್ದು ಅಜ್ಜಾರ. ನೂರಾ ಮೂವತ್ತೆಂಟ ಅದಾವು. ಮುಂಡರಗಿ ಬಾಡಗಿ ಖೋಲಿ ಸೋರತೈತಿ ಅಂತ ಟೀಚರ್ ಇಲ್ಲಿಗೆ ತಂದ್ರು. ಸ್ಕೂಟರಿಗೆ ಹಗ್ಗಾ ಬಿಗದಾಕಿ ನಾನರಿ.”

ಮಾಸ್ತರರು ಬಿಡಿಸಿ ಹೇಳಿದರು. ಧಾರವಾಡದ ಯೂನಿವರ್ಸಿಟಿಯಲ್ಲಿ ಒಣಗಿಸಿದ ಗಿಡಗಳ ಸಂಗ್ರಹವಿದೆ. ಎಷ್ಟು ಕಾಲವಾದರೂ ಕೆಡದಂತೆ ಕಪಾಟಿನಲ್ಲಿ ಇಡುತ್ತಾರೆ. ಪ್ರತಿ ಹಾಳೆಯ ಮೇಲೂ ಆ ಗಿಡವನ್ನು ಹುಡುಕಿ ತಂದವರ ಹೆಸರು ಬರೆಯುತ್ತಾರೆ. ಸ್ನೇಹಾ ಅರಣ್ಯ ಇಲಾಖೆಯ ಪರವಾನಗಿ ಪಡೆದು, ಎರಡು ವರ್ಷ ಮಕ್ಕಳನ್ನು ಕರೆದುಕೊಂಡು ಕಪ್ಪತಗುಡ್ಡ ಸುತ್ತಿದ್ದಳು. ಬರುವ ವಾರವೇ ಹಾಳೆಗಳನ್ನು ಧಾರವಾಡಕ್ಕೆ ಒಪ್ಪಿಸಬೇಕಿತ್ತು.

“ಅದರೊಳಗ ನಲವತ್ತರ ಮ್ಯಾಲೆ ನನ್ನ ಹೆಸರ ಐತ್ರಿ” ಎಂದಳು ಮಹೆಕ. ಆಮೇಲೆ, ಜಂಭವಾಯಿತೇನೋ ಎಂದು ನಾಚಿ, “ನಮ್ಮ ವರ್ಗದ ರೋಜಾಂದು ಇಪ್ಪತ್ತರ ಮ್ಯಾಲೆ ಐತಿ” ಎಂದು ಸೇರಿಸಿದಳು.

ಚನ್ನಬಸವಣ್ಣನಿಗೆ ಕುಣಿಯೊಳಗೆ ಬಿದ್ದ ಮುಳ್ಳಿನ ಕಡ್ಡಿ ಕಣ್ಣಿಗೆ ಕಟ್ಟಿತು. ನಡೆದದ್ದನ್ನು ಹೇಳಬೇಕಿತ್ತು. ಹೇಳಿದರೆ ಮಗಳು ಪತ್ರಿ ಕೂಡಿಟ್ಟ ಶರಣಿಯಲ್ಲವೆಂದಾಗುತ್ತಿತ್ತು. ಹನ್ನೆರಡು ದಿನಗಳಿಂದ ಅವನು ಉಸಿರು ಹಿಡಿದುಕೊಂಡಿದ್ದದ್ದು ಅದೊಂದೇ ನಂಬಿಕೆಯಿಂದ.

“ಅಂಥಾದ್ದೇನೂ ಕಾಣಲಿಲ್ಲ ತಂಗಿ” ಎಂದ. “ಎಲ್ಲಿ ಇಟ್ಟಾಳೋ ಏನೋ.”

ಹುಡುಗಿ ಸ್ವಲ್ಪ ಹೊತ್ತು ಅವನನ್ನೇ ನೋಡಿ ತಲೆ ತಗ್ಗಿಸಿದಳು. ಅಡುಗೆಮನೆಯ ಬಾಗಿಲಲ್ಲಿ ಗದಿಗೆವ್ವ ನಿಂತಿದ್ದಳು. ಅವರು ಚಹಾ ಕುಡಿದು ಹೋದ ಮೇಲೆ ಬಂದು, ವಹಿಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟಳು.

“ಕೊರಳಾಗ ಲಿಂಗಾ ಕಟಿಗೊಂಡ ಸುಳ್ಳ ಹೇಳಿದ್ರಿ, ಅದೂ ಮಗಳ ಹೆಸರಿಲೆ. ಓದ್ರಿ ಇದನ್ನ. ಸೋಮವಾರ ಮುಂಜಾನಿ ದೇವರಮನಿ ಬಾಗಲದಾಗ ಇದ ವಹಿ ಹಿಡಕೊಂಡ ನಿಂತಿದ್ದಳು ಆಕಿ. ನಾ ಕಣ್ಣಾರೆ ನೋಡೇನಿ.”

ವಹಿಯಲ್ಲಿ ಒಂದೊಂದು ಗಿಡಕ್ಕೆ ಒಂದೊಂದು ಸಾಲು. ಅಂಕಿ, ಇಂಗ್ಲಿಷಿನಲ್ಲಿ ಶಾಸ್ತ್ರದ ಹೆಸರು, ಆಮೇಲೆ ಕನ್ನಡದಲ್ಲಿ ಸಿಕ್ಕ ಜಾಗ, ತಂದ ಮಗುವಿನ ಹೆಸರು, ಕಡೆಗೆ ಊರವರು ಕರೆಯುವ ಹೆಸರು. ಅವನು ಕಡೆಯದನ್ನು ಓದುತ್ತ ಹೋದ. ಬಿಲ್ವ. ಬನ್ನಿ. ತುಂಬೆ. ಎಕ್ಕೆ. ಐದನೆಯದು ಕಾರೆಮುಳ್ಳು. ಹತ್ತೊಂಬತ್ತನೆಯ ಸಾಲಿನಲ್ಲಿ ಊರ ಹೆಸರಿನ ಜಾಗದಲ್ಲಿ ಬೇರೆ ಏನೋ ಬರೆದಿತ್ತು. ಕನ್ನಡಕ ಒರೆಸಿಕೊಂಡು ಓದಿದ.

ಅಪ್ಪನನ್ನು ಕೇಳಬೇಕು.

ಇಪ್ಪತ್ತಾರರಲ್ಲೂ ಅದೇ. ನಲವತ್ತರಲ್ಲೂ ಅದೇ. ಬೆರಳಿಟ್ಟು ಎಣಿಸಿದ. ಇಪ್ಪತ್ತಮೂರು ಕಡೆ. ಐದು ವರ್ಷದ ಹಿಂದೆ ಕೇಳಬೇಡ ಎಂದಿದ್ದವನನ್ನು ಕೇಳಲು ಅವಳು ಇಪ್ಪತ್ತಮೂರು ಪ್ರಶ್ನೆ ಹೊತ್ತು ಹೊಸ್ತಿಲವರೆಗೆ ಬಂದಿದ್ದಳು. ಅವನು ಕಣ್ಣು ಮುಚ್ಚಿಕೊಂಡು ಶಿವನನ್ನು ಹುಡುಕುತ್ತಿದ್ದ.

ಮರುದಿನ ಮೊದಲ ಬಸ್ಸಿಗೆ ಅವನು ಮುಂಡರಗಿಗೆ ಹೋದ. ಅಲ್ಲಿಂದ ಟಂಟಂ ಹಿಡಿದು ಶಾಲೆ ಮುಟ್ಟಿದಾಗ ಪ್ರಾರ್ಥನೆ ಮುಗಿದಿತ್ತು. ಮಾಸ್ತರರ ಕೋಣೆಯಲ್ಲಿ ಹೇಳಿ ಮುಗಿಸಬಹುದಿತ್ತು. ಅವನು ಒಪ್ಪಲಿಲ್ಲ. “ಹುಡುಗೂರ ಮುಂದ ಹೇಳಬೇಕ್ರಿ” ಎಂದ.

ಒಂಬತ್ತನೆಯ ತರಗತಿಯಲ್ಲಿ, ಮಗಳು ನಿಲ್ಲುತ್ತಿದ್ದ ಜಾಗದಲ್ಲಿ, ರುಮಾಲು ಕೈಯಲ್ಲಿ ಹಿಡಿದು ನಿಂತ.

“ನಿನ್ನೆ ನಾ ಈ ಹುಡಿಗಿ ಮುಂದ ಸುಳ್ಳ ಹೇಳೇನಿ. ನಿಮ್ಮ ಟೀಚರ್ ಇಟ್ಟ ಗಿಡಾ ಎಲ್ಲಾ ನಾನ ಆಕೀ ಕುಣಿಗೆ ಹಾಕೇನಿ. ಪೂಜಾದ ಪತ್ರಿ ಅಂತ ತಿಳದಿದ್ದೆ.”

“ಎಲ್ಲಾನೂ ಅಜ್ಜಾರ?” ಎಂದಿತು ಹಿಂದಿನ ಸಾಲಿನ ಒಂದು ದನಿ.

“ಎಲ್ಲಾ.”

“ಚೀಟಿ?”

“ಒಲಿಗೆ ಹೋದುವು.”

ಮುಂದಿನ ಸಾಲಿನ ರೋಜಾ ಪಕ್ಕಕ್ಕೆ ತಿರುಗಿ, “ಮಹೆಕ, ಅಗದ ತಗದ್ರ ಸಿಗೂದಿಲ್ಲೇನ?” ಎಂದು ಪಿಸುಗುಟ್ಟಿದಳು. ಅದು ಎಲ್ಲರಿಗೂ ಕೇಳಿತು.

ಮಹೆಕ ಪಾಠ ಒಪ್ಪಿಸುವಂತೆ ಎದ್ದು ನಿಂತೇ ಹೇಳಿದಳು. “ಸಿಗೂದಿಲ್ಲ. ಟೀಚರ್ ಹೇಳಿಲ್ಲೇನ? ಹಸಿ ಮಣ್ಣ ತಾಗಿದ್ರ ಮೂರ ದಿನಕ್ಕ ಬೂಸ್ಟ ಹಿಡಿತೈತಿ. ಹದಿನೈದ ದಿನಕ್ಕ ಹುಳಾ ಬಂದು, ಮೆತ್ತಗಾಗಿ…”

ಅಲ್ಲಿಗೆ ನಿಂತಳು. ತಾನು ಹೇಳುತ್ತಿರುವುದು ಎಲೆಯದಷ್ಟೇ ಅಲ್ಲವೆಂದು ಅವಳಿಗೆ ಹೊಳೆಯಿತು. ಕೈ ಬಾಯಿಗೆ ಹೋಯಿತು. ತರಗತಿಯೆಲ್ಲ ಅಪ್ಪನಾದವನ ಮುಖವನ್ನು ನೋಡಿತು. ಅವನು ಮೇಜಿನ ಅಂಚು ಹಿಡಿದುಕೊಂಡ.

“ಹೇಳು ತಂಗಿ” ಎಂದ ಕೊನೆಗೆ. “ಖರೆ ಐತಿ ಅದು. ಕಲಿಸಿದಾಕಿ ಖರೇನ ಕಲಿಸ್ಯಾಳ.”

ಆಮೇಲೆ ವಹಿ ತೆಗೆದ. “ಇದರಾಗ ಇಪ್ಪತ್ತಮೂರ ಕಡೆ ನನ್ನ ಕೇಳಬೇಕಂತ ಬರದಾಳ. ಕೇಳ್ರಿ. ನನಗ ಗೊತ್ತೈತಿ, ಹೇಳ್ತೇನಿ.”

ಮಹೆಕ ಅಳುತ್ತಲೇ ಬಂದು ಹತ್ತೊಂಬತ್ತನೆಯ ಹೆಸರು ಓದಿದಳು. ಶಾಸ್ತ್ರದ ಹೆಸರು, ಅವನಿಗೆ ಅದು ಬರೀ ಸದ್ದು. “ಎಲಿ ಹೆಂಗಿತ್ತು?” ಎಂದು ಕೇಳಿದ.

“ಉದ್ದಂದ್ರಿ. ಎದರಾಬದರ ಇದ್ದುವು.”

“ಅಂಥಾವು ಗುಡ್ಡದಾಗ ಐವತ್ತ ಅದಾವಲ್ಲ ತಂಗಿ. ವಾಸನಿ? ಹಾಲ ಬರತಿತ್ತೇನ?”

“ನೆನಪಿಲ್ಲರಿ. ಹಾಳಿ ಇದ್ದಿದ್ರ ತೋರಸ್ತಿದ್ದೆ.”

ಹಾಳೆ ಇದ್ದಿದ್ದರೆ ಅವನು ಕಣ್ಣುಮುಚ್ಚಿ ಮುಟ್ಟಿ ಹೇಳುತ್ತಿದ್ದ. ಪ್ರಶ್ನೆ ವಹಿಯಲ್ಲಿ ಉಳಿದಿತ್ತು, ಉತ್ತರ ಅವನ ತಲೆಯಲ್ಲಿತ್ತು. ಎರಡನ್ನೂ ಸೇರಿಸುವ ಎಲೆಯನ್ನು ಅವನೇ ಮಣ್ಣಿಗೆ ಹಾಕಿದ್ದ.

ಮುದಕಪ್ಪ ಮಾಸ್ತರರು ಧಾರವಾಡಕ್ಕೆ ಫೋನು ಮಾಡಿ ಕೇಳಿದರು. ಪ್ರೊಫೆಸರರು ಬಹಳ ನೊಂದರು. ಆದರೆ ಗಿಡವಿಲ್ಲದೆ ಬರೀ ವಹಿಯನ್ನು ಸಂಗ್ರಹಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಎಂದರು.

ಸಂಕ್ರಾಂತಿ ಕಳೆದ ಒಂದು ಭಾನುವಾರ ಚನ್ನಬಸವಣ್ಣ, ಮಾಸ್ತರರು, ಮಹೆಕ ಮೂವರೂ ಗುಡ್ಡ ಹತ್ತಿದರು. ಅಲ್ಲಿನ ಅರಣ್ಯ ಕಾವಲುಗಾರ ಸ್ನೇಹಾಳನ್ನು ಬಲ್ಲವನೇ. “ಪರವಾನಗಿ ಟೀಚರ್ ಹೆಸರಿಗಿತ್ತರಿ. ನೋಡ್ರಿ, ಬರಕೋರ್ರಿ, ಒಂದ ಎಲಿ ಸೈತ ಹರೀಬ್ಯಾಡ್ರಿ. ನನ್ನ ನೌಕರಿ ಹೊಕ್ಕೈತಿ” ಎಂದು ಕೈಮುಗಿದ. ಜೀವಮಾನವೆಲ್ಲ ಪತ್ರಿ ಹರಿದು ಬಂದ ಮುದುಕ ತಲೆಯಾಡಿಸಿದ.

ಗುಡ್ಡ ಒಣಗಿತ್ತು. ವಹಿಯಲ್ಲಿ ಬರೆದ ಜಾಗಗಳಿಗೆ ಮಹೆಕ ಒಂದೊಂದಾಗಿ ಕರೆದೊಯ್ದಳು. ಮಳೆಗಾಲದಲ್ಲಿ ಝರಿ ಇದ್ದಲ್ಲಿ ಬಿಸಿ ಕಲ್ಲು. ಬಳ್ಳಿ ಇದ್ದಲ್ಲಿ ದಾರದಂಥ ಕಡ್ಡಿ. ಅವನು ಪ್ರತಿ ಜಾಗದಲ್ಲೂ ಬಗ್ಗಿ ಕಡ್ಡಿಯನ್ನು ಮೂಸಿದ, ಮಣ್ಣನ್ನು ಮೂಸಿದ, ತಲೆ ಅಲ್ಲಾಡಿಸಿದ. ಮಧ್ಯಾಹ್ನದ ಹೊತ್ತಿಗೆ ಬಂಡೆಯ ಸಂದಿನಲ್ಲಿ, ನೆರಳಿಗೆ, ಒಂದೇ ಒಂದು ಗಿಡ ಹಸಿರಾಗಿ ಸಿಕ್ಕಿತು. ಆ ಇಪ್ಪತ್ತಮೂರರಲ್ಲಿ ಒಂದು, ಅರವತ್ತೊಂದನೆಯದು.

“ಇದ ಅಜ್ಜಾರ, ಇದ! ಇದನ್ನ ನಾನ ತಂದಿದ್ದೆ.”

ಅವನು ಹರಿಯಲಿಲ್ಲ. ಎಲೆಯ ಬೆನ್ನನ್ನು ಬೆರಳಿನಿಂದ ಮೆಲ್ಲಗೆ ಸವರಿ, ಆ ಬೆರಳನ್ನು ಮೂಗಿನ ಹತ್ತಿರ ಹಿಡಿದ.

“ನಮ್ಮವ್ವ ಇದಕ್ಕ ಬಾಣಂತಿಬೇರು ಅಂತಿದ್ದಳು. ಸ್ನೇಹಾ ಹುಟ್ಟಿದಾಗ ನಮ್ಮ ಮನೀಯಾಕಿಗೆ ಹನ್ನೊಂದ ದಿನಾ ನಾನ ಅರದ ಕುಡಿಸೇನಿ. ಬರಕೋ ತಂಗಿ.”

ಮಹೆಕ, ‘ಅಪ್ಪನನ್ನು ಕೇಳಬೇಕು’ ಎಂಬ ಮಾತನ್ನು ಹೊಡೆದುಹಾಕದೆ, ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಳು. ಇನ್ನು ಇಪ್ಪತ್ತೆರಡು ಉಳಿದವು. ಮಳೆ ಬಂದ ಮೇಲೆ ಮತ್ತೆ ಬರೋಣವೆಂದರು ಮಾಸ್ತರರು. ಮಳೆಗೆ ಐದು ತಿಂಗಳಿತ್ತು. ಅದಕ್ಕೂ ಮುಂಚೆ ಬೇಸಿಗೆಯ ಬೆಂಕಿ ಗುಡ್ಡವನ್ನು ದಾಟಿ ಹೋಗುವುದಿತ್ತು. ಚನ್ನಬಸವಣ್ಣ ಬಂಡೆಗೆ ಒರಗಿ ಕೂತು ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡ. ಏರಿಸಲು ಪತ್ರಿ ಇರಲಿಲ್ಲ. ಈ ಸಲ ಅವನು ಕಣ್ಣು ಮುಚ್ಚಲಿಲ್ಲ. ಎದುರಿನ ಆ ಒಂದು ಗಿಡವನ್ನು ನೋಡುತ್ತಲೇ ತುಟಿ ಅಲ್ಲಾಡಿಸಿದ.

“ಶಿವನೇ, ಆಕಿ ನಿನ್ನ ಎಲಿಯೊಳಗ ನಿನ್ನ ಹುಡುಕಿದಳು, ನನಗ ತಿಳೀಲಿಲ್ಲ. ಕೇಳಾಕ ಬಂದಾಕೀನ ನಿಂದರಿಸಿ ಕಳಿಸಿದೆ. ಆ ಪಾಪ ನನಗಿರಲಿ, ಆಕಿಗೆ ಅದರ ನೋವ ಬ್ಯಾಡ. ಕೂಸು ಮುಳ್ಳಿನ ಕಡ್ಡಿ ಮಡಲಾಗ ಇಟಗೊಂಡ ಕುಂತೈತಿ; ಅದನ್ನ ಹೂವು ಮಾಡು. ಮಣ್ಣು ಆಕೀಗೆ ಹಗುರಾಗಲಿ. ಆಕಿ ಏನರ ಕೇಳಿದ್ರ, ನೀನರ ಕಣ್ಣ ತಗದು ಉತ್ತರಾ ಹೇಳು, ತಂದೆ. ನನ್ನ ಮಗಳಿಗೆ ಶಾಂತಿ ಕೊಡು.”